ಸೋಲುವ ತಂಡದ ಪಿಚರ್

ಕುವೈತಿನ ಅಹ್ಮದಿಯ ಕ್ಲಬ್ಬಿನ ಕಾರ್ಯದರ್ಶಿ ನನ್ನನ್ನು ಕರೆಸಿದ್ದು ೧೯೯೦ರ ಮಾರ್ಚ್‌ನಲ್ಲಿ, ಅರ್ಧ ದಿನದ ಕೆಲಸ ಮುಗಿದ ಒಂದು ಗುರುವಾರ. ಅವರು ತೈಲ ಕಂಪನಿಯ ಎಂಜಿನಿಯರ್, ಅಮೆರಿಕದವರು. ನಾನು ಆ ಕಂಪನಿಗೆ ಕೆಲಸಗಾರರನ್ನು ಒದಗಿಸುತ್ತಿದ್ದ ಒಬ್ಬ ಕಂಟ್ರಾಕ್ಟರನ ಆಫೀಸಿನಲ್ಲಿ ಗುಮಾಸ್ತ. ಸಂಜೆಯ ಹೊತ್ತು ಕ್ಲಬ್ಬಿನ ಬೇಸ್‌ಬಾಲ್ ಲೀಗಿಗೆ ಸ್ಕೋರರ್. ಮಂಗಳೂರಿನ ಮೈದಾನಗಳಲ್ಲಿ ಕ್ರಿಕೆಟ್ ಸ್ಕೋರ್ ಬರೆದು ರೂಢಿಯಿದ್ದ ನನಗೂ ಈ ಆಟ ತಲೆಗೆ ಹತ್ತಲು ಒಂದು ಇಡೀ ಚಳಿಗಾಲ ಬೇಕಾಗಿತ್ತು.

ಕ್ಲಬ್ಬಿಗೆ ಒಬ್ಬ ಆಳು ಬೇಕಾಗಿದ್ದ. ಮೈದಾನ ನೋಡಿಕೊಳ್ಳಬೇಕು, ಅಧಿಕಾರಿಗಳ ಮಕ್ಕಳಿಗೆ ಚೆಂಡೆಸೆಯುವುದನ್ನು ಕಲಿಸಬೇಕು, ಬಹರೈನಿನಿಂದಲೋ ದಹರಾನಿನಿಂದಲೋ ತಂಡ ಬಂದಾಗ ಕ್ಲಬ್ಬಿನ ಪಿಚರ್ ಆಗಿ ಆಡಬೇಕು. ಅಲ್ಲಿ ನೆಲೆಸಲು ಬೇಕಾದ ಪರವಾನಗಿ, ಇಕಾಮಾ, ಕ್ಲಬ್ಬಿನ ಕಡೆಯಿಂದ. ಎಲ್ಲಕ್ಕಿಂತ ದೊಡ್ಡದು, ಹೆಂಡತಿ ಮಕ್ಕಳನ್ನು ಕರೆತರುವ ವೀಸಾ. ಲೇಬರ್ ಕ್ಯಾಂಪಿನಲ್ಲಿದ್ದವರಿಗೆ ಅದು ಕನಸಿನಲ್ಲೂ ಬರದ ವಿಷಯ.

ಹೆಸರುಗಳು ಎರಡೇ ಇದ್ದವು, ಇಬ್ಬರೂ ನಮ್ಮ ಕಂಟ್ರಾಕ್ಟರನ ಕೆಳಗಿನವರು. ಅವರಿಬ್ಬರೂ ಇದ್ದ ಗುತ್ತಿಗೆ ಮೇ ಕೊನೆಗೆ ಮುಗಿಯುವುದಿತ್ತು. ಆಯ್ಕೆಯಾದವನು ಉಳಿಯುತ್ತಾನೆ, ಇನ್ನೊಬ್ಬ ಊರಿಗೆ ಹೋಗುತ್ತಾನೆ. ಎಲ್ಲ ಆಟಗಳನ್ನೂ ಕುಳಿತು ನೋಡಿದವನು ನೀನೊಬ್ಬನೇ, ಯಾರು ನಿಜವಾಗಿ ಒಳ್ಳೆಯ ಪಿಚರ್ ಎಂದು ನೋಡಿ ಹೇಳು ಎಂದರು ಕಾರ್ಯದರ್ಶಿ. ಆಯ್ಕೆ ಸಮಿತಿಯ ಬೇರೆಯವರಿಗೆ ಉತ್ತರ ಆಗಲೇ ಗೊತ್ತಿತ್ತು. ಗೆಲುವು ಸೋಲಿನ ಪಟ್ಟಿ ಕ್ಲಬ್ಬಿನ ಬಾಗಿಲಲ್ಲೇ ಅಂಟಿಸಿತ್ತು.

ಪಟ್ಟಿಯ ತುದಿಯಲ್ಲಿದ್ದವನು ವರ್ಕ್‌ಶಾಪ್ ತಂಡದ ಫಿಲಿಪಿನೋ ಫಿಟ್ಟರ್. ಎತ್ತರದ ಆಳು, ಬಿರುಸಿನ ಕೈ, ಹೆಚ್ಚುಕಡಿಮೆ ಆಡಿದ್ದೆಲ್ಲ ಗೆದ್ದಿದ್ದ. ಪಟ್ಟಿಯ ಕೆಳಗಿದ್ದವನು ಮೀನಾ ಅಬ್ದುಲ್ಲಾ ಕ್ಯಾಂಪ್ ತಂಡದವನು, ನಮ್ಮ ಊರ ಕಡೆಯ ಬ್ಯಾರಿ ಮುಸಲ್ಮಾನ, ಉಳ್ಳಾಲದ ಹತ್ತಿರದವನು. ಅವನ ಹೆಸರಿನ ಮುಂದೆ ಗೆಲುವಿಗಿಂತ ಸೋಲೇ ಜಾಸ್ತಿ.

ಬೇಸ್‌ಬಾಲ್ ನೋಡದವರಿಗೆ ಒಂದು ಮಾತು ಹೇಳಬೇಕು. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಚೆಂಡು ನೆಲಕ್ಕೆ ಬಡಿಯದೆ ನೇರವಾಗಿ ಬ್ಯಾಟಿನವನ ಕಡೆ ಹೋಗಬೇಕು, ಮೊಣಕೈ ಮಡಚಿ ಎಸೆಯುವುದೇ ಕ್ರಮ. ತಂಡ ಗೆದ್ದರೆ ಆ ಗೆಲುವನ್ನು ಪಿಚರ್‌ನ ಹೆಸರಿಗೆ ಬರೆಯುತ್ತಾರೆ, ಸೋತರೆ ಸೋಲನ್ನೂ ಅವನ ತಲೆಗೇ ಕಟ್ಟುತ್ತಾರೆ. ಅವನ ಕಡೆಯವರು ಒಂದೇ ಒಂದು ರನ್ ಹೊಡೆಯದಿದ್ದರೂ ಸೋತವನು ಅವನೇ. ಕ್ಯಾಚ್ ಬಿಟ್ಟವನ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ.

ನಮ್ಮ ಬ್ಯಾರಿ ಪಿಚರ್ ಊರಿನಲ್ಲಿ ಕ್ರಿಕೆಟ್ ಆಡುತ್ತಿದ್ದನಂತೆ. ಮೊಣಕೈ ಮಡಚುತ್ತಾನೆ, ಬೌಲಿಂಗ್ ಅಲ್ಲ ಎಸೆತ ಎಂದು ಅಂಪೈರುಗಳು ಒಂದರ ಮೇಲೊಂದು ನೋಬಾಲ್ ಕೊಟ್ಟು ಅವನನ್ನು ಆಟದಿಂದಲೇ ಬಿಡಿಸಿದ್ದರು. ಇಲ್ಲಿಗೆ ಬಂದು, ಕ್ಲೀನಿಂಗ್ ಕೆಲಸದ ಮಧ್ಯೆ ಒಂದು ದಿನ ಬೇಲಿಯ ಹೊರಗೆ ಬಿದ್ದ ಚೆಂಡನ್ನು ವಾಪಸ್ ಎಸೆದಾಗ ಕ್ಯಾಂಪ್ ತಂಡದ ಕೋಚ್ ಇವನನ್ನು ಒಳಗೆ ಕರೆದರು. “ಅಲ್ಲಿ ತಪ್ಪು ಅಂದದ್ದೇ ಇಲ್ಲಿ ಸರಿ ಅಣ್ಣ, ಎಂತ ಹೇಳುದು,” ಎಂದು ನನ್ನ ಹತ್ತಿರ ನಕ್ಕಿದ್ದ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವನು. ಮದುವೆಯಾಗಿ ಬಂದವನು ಹೆಂಡತಿಯ ಜೊತೆ ಇದ್ದದ್ದು ಎರಡು ರಜೆಗಳಲ್ಲಿ ಮಾತ್ರ. ಮಗಳು ಅವನನ್ನು ಫೋಟೋದಲ್ಲಿ ಗುರುತಿಸುತ್ತಿದ್ದಳು, ಎದುರಿಗೆ ಬಂದಾಗ ಹೆದರಿ ಅತ್ತಿದ್ದಳು.

ನಾನು ಆ ವಾರವೇ ಕೆಲಸ ಶುರು ಮಾಡಿದೆ. ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಫೀಲ್ಡಿನವರ ತಪ್ಪಿನಿಂದ ಬಂದ ರನ್ನುಗಳನ್ನು ಬದಿಗಿಟ್ಟು, ಪಿಚರ್‌ನ ಕೈಯಿಂದಲೇ ಹೋದ ರನ್ನುಗಳನ್ನು ಮಾತ್ರ ಎಣಿಸುವುದು. ನಮ್ಮವನು ಮೇಲೆ ಬರುತ್ತಾನೆಂದು ನನಗೆ ಖಾತ್ರಿ ಇತ್ತು, ಬರಲಿಲ್ಲ. ಹಾಗೆ ಎಣಿಸಿದರೂ ಫಿಲಿಪಿನೋ ಪಿಚರ್ ಕೂದಲೆಳೆಯಷ್ಟು ಮುಂದೆಯೇ ಇದ್ದ. ಮತ್ತೆ ಮೊದಲಿನಿಂದ ಎಣಿಸಿದೆ, ಉತ್ತರ ಬದಲಾಗಲಿಲ್ಲ.

ನಮ್ಮ ಆಫೀಸಿನ ಸೂಪರಿಂಟೆಂಡೆಂಟ್ ಉಡುಪಿಯವರು, ಕುವೈತಿನಲ್ಲಿ ಬಹಳ ವರ್ಷ ಕಳೆದವರು. ನಾನು ಊಟದ ಹೊತ್ತಿನಲ್ಲೂ ತಲೆ ಬಗ್ಗಿಸಿ ಕೂತಿರುವುದನ್ನು ನೋಡಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

“ನಿಮಗೆ ಯಾಕೆ ಮಾರಾಯ್ರೆ ಇದು? ಅವನು ನಮ್ಮ ಊರಿನವ. ನೀವು ಅವನ ಹೆಸರು ಹೇಳಿದ್ರೆ, ಊರಿನವನನ್ನು ಎತ್ತಿಹಿಡಿದರು ಅಂತಲೇ ಹೇಳ್ತಾರೆ. ಗೆದ್ದವನ ಹೆಸರು ಬರೆದು ಕೊಡಿ, ಖಲಾಸ್.”

ಅವರು ಹೇಳಿದ್ದು ನನ್ನ ಒಳಗೂ ಇದ್ದ ಅನುಮಾನವೇ. ಅವನ ಜೊತೆ ತುಳುವಿನಲ್ಲಿ ಮಾತಾಡುತ್ತೇನೆ, ಅವನ ಕ್ಯಾಂಪಿಗೆ ಹೋದರೆ ಮೀನು ಸಾರು ಬಡಿಸುತ್ತಾನೆ. ಆ ಋಣ ನನ್ನ ಕಣ್ಣು ಕಟ್ಟಿರಬಹುದು. ಹಾಗಾದರೆ ಸಂಖ್ಯೆ ಹೇಳಿದ್ದನ್ನು ಒಪ್ಪಿ ಸುಮ್ಮನಿರುವುದೇ ನ್ಯಾಯ ಎಂದುಕೊಂಡು, ಫಿಲಿಪಿನೋನ ಹೆಸರು ಕೊಡುವ ಮನಸ್ಸೂ ಮಾಡಿದ್ದೆ.

ಆ ಶುಕ್ರವಾರ ಮೀನಾ ಅಬ್ದುಲ್ಲಾದಲ್ಲಿ ಆಟವಿತ್ತು. ಕ್ಯಾಂಪಿನ ಮೈದಾನವೆಂದರೆ ರಿಫೈನರಿಯ ಬೇಲಿಯ ಪಕ್ಕದ ಬಯಲು, ಮರಳಿನ ಮೇಲೆ ಜಲ್ಲಿ. ನಮ್ಮವನು ಎಸೆದ ಚೆಂಡು ಬ್ಯಾಟಿನ ಹತ್ತಿರ ಬಂದು ಸಣ್ಣಗೆ ಇಳಿಯುತ್ತಿತ್ತು. ಬೀಸಿದವನ ಬ್ಯಾಟು ಚೆಂಡಿನ ನೆತ್ತಿಗೆ ತಗಲಿ, ಅದು ನೆಲದ ಮೇಲೆ ಉರುಳಿಕೊಂಡು ಬರುತ್ತಿತ್ತು. ಫೀಲ್ಡಿನಲ್ಲಿದ್ದ ಮೆಸ್ಸಿನ ಅಡುಗೆಯವನೊಬ್ಬ ಅದನ್ನು ಹಿಡಿಯಲು ಸರಿಯಾಗಿಯೇ ಬಗ್ಗಿ ನಿಂತಿದ್ದ. ಚೆಂಡು ಒಂದು ಕಲ್ಲಿಗೆ ತಾಗಿ ಅವನ ಹೆಗಲ ಮೇಲಿಂದ ಹಾರಿಹೋಯಿತು. ಅಡುಗೆಯವನ ತಪ್ಪೇನೂ ಇರಲಿಲ್ಲ. ನಿಯಮದ ಪ್ರಕಾರ ಅದು ಬ್ಯಾಟಿನವನು ಗಳಿಸಿದ ಹೊಡೆತ. ನಾನು ಹಾಗೆಯೇ ಬರೆಯಲು ಪೆನ್ಸಿಲ್ ಇಟ್ಟೆ, ಇಟ್ಟ ಕೈ ಅಲ್ಲೇ ನಿಂತಿತು.

ಇಂಥ ಹೊಡೆತಗಳನ್ನು ನಾನು ಇಡೀ ಚಳಿಗಾಲ ಪಿಚರ್‌ನ ಲೆಕ್ಕಕ್ಕೇ ಬರೆದಿದ್ದೆ. ಬರೆದದ್ದು ಸರಿಯೇ, ನಿಯಮ ಹಾಗೇ ಇತ್ತು. ಆದರೆ ಆ ರನ್ನುಗಳನ್ನು ಕೊಟ್ಟದ್ದು ಜಲ್ಲಿಕಲ್ಲು. ಫಿಲಿಪಿನೋ ಪಿಚರ್‌ಗೆ ಬೀಸಿದವರ ಚೆಂಡು ಮೇಲಕ್ಕೆ ಏಳುತ್ತಿತ್ತು. ಮೇಲೆ ಎದ್ದ ಚೆಂಡಿಗೆ ಕಲ್ಲಿನ ಭಯವಿಲ್ಲ, ಅವನ ಹಿಂದೆ ನಿಂತವರು ಶಾಲೆಯ ದಿನಗಳಿಂದ ಆಡಿದವರು, ಓಡಿ ಹಿಡಿಯುತ್ತಿದ್ದರು. ಇವನ ಚೆಂಡು ನೆಲ ಬಿಟ್ಟು ಏಳುವುದೇ ಇಲ್ಲ. ಒಳ್ಳೆಯ ನೆಲ, ಒಳ್ಳೆಯ ಕೈಗಳು ಇದ್ದರೆ ಈ ಉರುಳುವ ಚೆಂಡುಗಳಲ್ಲಿ ಎಷ್ಟು ರನ್ನಾಗುತ್ತಿದ್ದವು?

ಕಾರ್ಯದರ್ಶಿಗೆ ಹೋಗಿ ನನಗೆ ಕಂಡದ್ದನ್ನು ಹೇಳಿದೆ. ಇಬ್ಬರಿಂದಲೂ ಅಹ್ಮದಿಯ ಹುಲ್ಲಿನ ಮೈದಾನದಲ್ಲಿ, ಹಿಂದೆ ಅದೇ ಫೀಲ್ಡರುಗಳನ್ನು ನಿಲ್ಲಿಸಿ, ಅದೇ ಬ್ಯಾಟಿನವರಿಗೆ ಎಸೆಯಿಸಿ ನೋಡೋಣ ಎಂದೆ. ಅವರಿಗೆ ಆ ಯೋಚನೆ ಹಿಡಿಸಿತು. ಸಮಿತಿಯ ಇನ್ನಿಬ್ಬರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಮೊದಲು ಗೊತ್ತುಮಾಡಿದ ದಿನ ಧೂಳುಗಾಳಿ ಎದ್ದಿತು. ಎದುರಿಗಿನ ಕಂಬ ಕಾಣದಷ್ಟು ಕಂದು ಮುಸುಕು. ಮುಂದಿನ ವಾರ ಕ್ಯಾಂಪಿನ ಫೋರ್‌ಮನ್ ನಮ್ಮವನನ್ನು ಬಿಡಲಿಲ್ಲ, ಹೇಗೂ ಮೇ ತಿಂಗಳಿಗೆ ಹೋಗುವವನಿಗೆ ಆಟ ಯಾಕೆ ಎಂದು ಓವರ್‌ಟೈಮಿಗೆ ಹಾಕಿದ. ನಾನು ಸೂಪರಿಂಟೆಂಡೆಂಟರ ಹತ್ತಿರ ಕೇಳಿಕೊಂಡೆ. ಅವರು ಗೊಣಗಿದರು, ಆದರೆ ಫೋನೆತ್ತಿ ಫೋರ್‌ಮನ್‌ಗೆ ಎರಡು ಮಾತು ಹೇಳಿದ್ದೂ ಅವರೇ.

ಕೊನೆಗೂ ಏಪ್ರಿಲ್‌ನ ಒಂದು ಸಂಜೆ ಅದು ನಡೆಯಿತು. ಕ್ಲಬ್ಬಿನ ಕೆನಡಾದ ತಂತ್ರಜ್ಞರೊಬ್ಬರು ಇಬ್ಬರಿಗೂ ಕ್ಯಾಚರ್ ಆಗಿ ಕುಳಿತರು. ಬ್ಯಾಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಪ್ರತಿ ಎಸೆತವನ್ನೂ ಹಿಡಿಯುವವರು. ನಾನು ಅವರ ಬೆನ್ನಿಗೆ, ತಂತಿ ಬಲೆಯ ಹಿಂದೆ. ಅಂದು ನಾನು ರನ್ ಬರೆಯಲಿಲ್ಲ. ಪ್ರತಿ ಎಸೆತಕ್ಕೆ ಕ್ಯಾಚರ್ ಕೈಗವಸನ್ನು ಎಲ್ಲಿ ಹಿಡಿದಿದ್ದರು, ಚೆಂಡು ಎಲ್ಲಿಗೆ ಬಂತು, ಹೊಡೆದದ್ದು ಉರುಳಿತೋ ಹಾರಿತೋ, ಇದಿಷ್ಟನ್ನೇ ನೋಡಿದೆ.

ಫಿಲಿಪಿನೋ ಪಿಚರ್ ಚೆನ್ನಾಗಿ ಎಸೆದ. ಅವನ ವೇಗಕ್ಕೆ ಕೆಲವರು ಬ್ಯಾಟು ಎತ್ತುವ ಮೊದಲೇ ಔಟಾದರು. ಆದರೆ ದಣಿದಂತೆ ಚೆಂಡು ನಡುಮಟ್ಟಕ್ಕೆ ಬರತೊಡಗಿತು, ಎರಡು ಹೊಡೆತಗಳು ಬೇಲಿಯ ಬುಡಕ್ಕೆ ಹೋದವು, ಫೀಲ್ಡಿನವರು ಓಡಿ ಅವನ್ನೂ ಹಿಡಿದರು. ನಮ್ಮವನ ಚೆಂಡು ಒಂದೂ ಒಳ ಮೈದಾನ ದಾಟಲಿಲ್ಲ. ಕೊನೆಯ ಸರದಿಯಲ್ಲಿ ಫೀಲ್ಡಿನಲ್ಲಿದ್ದ ಒಬ್ಬ ಎಂಜಿನಿಯರ್ ಕಾಲಿಗೆ ಬಂದ ಸುಲಭದ ಚೆಂಡನ್ನು ಎತ್ತಿ, ಅವಸರದಲ್ಲಿ ಹಿಡಿಯುವವನ ತಲೆಯ ಮೇಲಿಂದ ಆಚೆಗೆ ಎಸೆದುಬಿಟ್ಟರು. ಎರಡು ರನ್ ಹೋದವು, ಸೋಲು ಮತ್ತೆ ಇವನ ಹೆಸರಿಗೇ ಬಂತು.

ಸಮಿತಿಯವರೊಬ್ಬರು ನಗುತ್ತ ನನ್ನ ಬೆನ್ನು ತಟ್ಟಿದರು. ಹುಲ್ಲಿನ ಮೇಲೂ ಸೋತನಲ್ಲ, ಇನ್ನೇನು ಬೇಕು ಎಂದರು. ನಮ್ಮವನು ಟೋಪಿ ತೆಗೆದು ಆ ಎಂಜಿನಿಯರ್ ಹತ್ತಿರ ಹೋಗಿ ಏನೋ ಹೇಳಿ ಅವರ ಕೈ ಕುಲುಕಿದ. ಆಮೇಲೆ ನನ್ನ ಹತ್ತಿರ ಬಂದು ನಿಂತ.

“ಬಿಡಿ ಅಣ್ಣ,” ಎಂದ. “ನೀವು ತುಂಬ ಮಾಡಿದ್ರಿ. ನನಗೆ ಊರಿಗೆ ಹೋಗ್ಲಿಕ್ಕೆ ಬೇಜಾರಿಲ್ಲ. ಮಗಳಿಗೆ ನನ್ನ ಗುರ್ತ ಆದ್ರೆ ಸಾಕು.”

ನಾನು ತೀರ್ಮಾನ ಮಾಡಿದ್ದು ಅಲ್ಲಿಯೇ ನಿಂತು. ಇಬ್ಬರ ಎಸೆತವನ್ನೂ ಅಂಗೈಯಲ್ಲಿ ಹಿಡಿದವರು ಒಬ್ಬರೇ ಇದ್ದರು, ಅವರು ಯಾರ ಊರಿನವರೂ ಅಲ್ಲ. ಸಮಿತಿಯವರೆಲ್ಲ ಇರುವಾಗಲೇ ಕ್ಯಾಚರ್‌ನ ಹತ್ತಿರ ಹೋಗಿ, ನಾಳೆ ನಿಮ್ಮ ಕಡೆಗೆ ಒಬ್ಬ ಪಿಚರ್ ಬೇಕೆಂದರೆ ಯಾರನ್ನು ಆರಿಸುತ್ತೀರಿ ಎಂದು ಕೇಳಿದೆ. ಅವರು ಯೋಚಿಸದೆ ನಮ್ಮವನ ಕಡೆ ಬೆರಳು ತೋರಿಸಿದರು. ಆ ಇನ್ನೊಬ್ಬನ ಚೆಂಡಿಗೆ ನಾನು ಹಾರಬೇಕಾಯಿತು, ಈತನಿಗೆ ಕೈಗವಸು ತೋರಿಸಿ ಸುಮ್ಮನೆ ಕೂತರೆ ಸಾಕಿತ್ತು ಎಂದರು. ಆಮೇಲೆ ನಾನು ನೋಡಿದ್ದನ್ನು ಒಂದೊಂದಾಗಿ ಹೇಳಿದೆ. ನನ್ನ ಊರಿನವನೆಂಬುದನ್ನೂ ನಾನೇ ಹೇಳಿದೆ, ಅದನ್ನು ಕಳೆದು ಉಳಿದದ್ದನ್ನು ನೋಡಿ ಎಂದೆ. ಕಾರ್ಯದರ್ಶಿ ಎಲ್ಲವನ್ನೂ ಬರೆದುಕೊಂಡರು. ಮೇ ಮೊದಲ ವಾರ ನಮ್ಮವನಿಗೆ ಕ್ಲಬ್ಬಿನ ಕೆಲಸ ಸಿಕ್ಕಿತು.

ಫಿಲಿಪಿನೋ ಪಿಚರ್ ಜೂನ್‌ನಲ್ಲಿ ಹೊರಟ. ಹೊರಡುವ ಮೊದಲು ಆಫೀಸಿಗೆ ಬಂದಿದ್ದ. ಭಾಯಿ, ನನ್ನಲ್ಲಿ ಇಲ್ಲದ್ದು ಅವನಲ್ಲಿ ಏನು ಕಂಡಿರಿ ಎಂದು ತನ್ನ ಹರಕು ಹಿಂದಿಯಲ್ಲಿ ಕೇಳಿದ. ಸಿಟ್ಟಿರಲಿಲ್ಲ, ತಿಳಿಯಬೇಕಾಗಿತ್ತು. ನಾನು ಹೇಳಿದೆ. ಅವನು ತಲೆಯಾಡಿಸಿ, ಅದು ನಿಜ, ದಣಿದ ಮೇಲೆ ನನ್ನ ಚೆಂಡು ಮೇಲೇಳುತ್ತದೆ ಎಂದು ಒಪ್ಪಿಕೊಂಡ. ಅವನಿಗೂ ಊರಿನಲ್ಲಿ ಮಕ್ಕಳಿದ್ದರು.

ನಮ್ಮವನು ಅಹ್ಮದಿಯ ಕ್ಲಬ್ಬಿನ ಹಿಂದಿನ ಎರಡು ಕೋಣೆಗಳಿಗೆ ತಾನೇ ಸುಣ್ಣ ಬಳಿದ. ಹೆಂಡತಿ ಮಗಳ ವೀಸಾ ಜುಲೈಯಲ್ಲಿ ಬಂತು. ಆಗಸ್ಟ್ ಕೊನೆಗೆ ಟಿಕೆಟ್. ನನ್ನ ಹೆಂಡತಿ ಮಕ್ಕಳು ಬೇಸಿಗೆ ರಜೆಗೆ ಊರಿಗೆ ಹೋಗಿದ್ದರಿಂದ ನಮ್ಮ ಮನೆಯ ಸಣ್ಣ ಮಂಚವನ್ನು ಅವನ ಮಗಳಿಗೆಂದು ಕೊಟ್ಟೆ. ಇಬ್ಬರೂ ಸೇರಿ ಅದನ್ನು ಪಿಕಪ್‌ನಲ್ಲಿ ಹಾಕಿಕೊಂಡು ಹೋದೆವು.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಸೈನ್ಯ ಬಂತು. ಆಮೇಲಿನ ವಾರಗಳ ಬಗ್ಗೆ ಬಹಳ ಜನ ಹೇಳಿದ್ದಾರೆ, ನಾನು ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಕ್ಲಬ್ ಮುಚ್ಚಿತು. ಅಮೆರಿಕದವರು ಅಡಗಿಕೊಳ್ಳಬೇಕಾಯಿತು. ನಮ್ಮವನು ಕೆಲವು ದಿನ ಕಾರ್ಯದರ್ಶಿಗೆ ಗುಟ್ಟಾಗಿ ರೊಟ್ಟಿ ಮುಟ್ಟಿಸಿದ ಎಂದು ಆಮೇಲೆ ತಿಳಿಯಿತು, ಅವನಾಗಿ ಹೇಳಲಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಅವನೂ ನಾನೂ ಊರ ಕಡೆಯ ಇನ್ನು ಕೆಲವರೂ ಒಟ್ಟಾಗಿ ಒಂದು ಬಸ್ ಹಿಡಿದೆವು. ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿ. ಗಡಿಯಲ್ಲಿ ದಾಟಲು ಬಿಡಲಿಲ್ಲ. ಸಾವಿರಾರು ಜನ ಮರಳಿನಲ್ಲಿ, ಕಂಬಳಿ ಕಟ್ಟಿದ ನೆರಳಿನಲ್ಲಿ, ಸರದಿಗೆ ಕಾಯುತ್ತಿದ್ದರು.

ಅಲ್ಲಿಗೆ ದಿನಕ್ಕೊಮ್ಮೆ ರೊಟ್ಟಿಯ ಲಾರಿ ಬರುತ್ತಿತ್ತು. ಬರುವುದು ಕಂಡರೆ ಸಾಕು, ಗಟ್ಟಿಮುಟ್ಟಾದ ಗಂಡಸರು ಓಡಿ ಮುತ್ತಿಕೊಳ್ಳುತ್ತಿದ್ದರು. ಲಾರಿಯವರು ಹೆದರಿ ಪೊಟ್ಟಣಗಳನ್ನು ಹತ್ತಿರದಲ್ಲೇ ಸುರಿಯುತ್ತಿದ್ದರು. ಹೆಂಗಸರು, ವಯಸ್ಸಾದವರು, ಮಗು ಎತ್ತಿಕೊಂಡವರು ಹಿಂದೆ ನಿಂತು ನೋಡುತ್ತಿದ್ದರು, ಅವರ ತನಕ ಏನೂ ಬರುತ್ತಿರಲಿಲ್ಲ. ಎರಡನೆಯ ದಿನ ಇವನು ಲಾರಿಯ ಹಿಂದಿನ ಚಕ್ರಕ್ಕೆ ಕಾಲು ಕೊಟ್ಟು ಮೇಲೆ ಹತ್ತಿದ. ಹಂಚುತ್ತಿದ್ದ ಜೋರ್ಡಾನಿನ ಹುಡುಗರು ಮೊದಲು ತಳ್ಳಿದರು. ಇವನು ಒಂದು ಪೊಟ್ಟಣ ಎತ್ತಿ, ಮುತ್ತಿದವರ ಕೈಗಳ ಮೇಲಿಂದ, ದೂರದಲ್ಲಿ ನಿಂತಿದ್ದ ಒಬ್ಬ ಸಿಂಹಳದ ಹೆಂಗಸಿಗೆ ಎಸೆದ. ಅದು ಆಕೆಯ ಎದೆಯ ಹತ್ತಿರ, ಮಡಿಸಿದ ತೋಳಿನ ಮೇಲೆ ಬಂದು ಕೂತಿತು. ಎಸೆದದ್ದು ಮೆತ್ತಗೆ, ಆದರೆ ಎಲ್ಲಿಗೆಂದು ನೋಡಿ ಎಸೆದದ್ದು. ಹುಡುಗರು ತಳ್ಳುವುದನ್ನು ನಿಲ್ಲಿಸಿದರು.

ಅಲ್ಲಿಂದ ಮುಂದೆ ಲಾರಿ ಬಂದಾಗಲೆಲ್ಲ ಅವನನ್ನೇ ಮೇಲೆ ಹತ್ತಿಸುತ್ತಿದ್ದರು. ನಾನು ಹಿಂದೆ ನಿಂತು, ಏನೂ ಸಿಗದವರ ಕಡೆ ಕೈ ತೋರಿಸುತ್ತಿದ್ದೆ. ನಾನು ತೋರಿಸಿದಲ್ಲಿಗೆ ಪೊಟ್ಟಣ ಬರುತ್ತಿತ್ತು. ಮುಂದೆ ನುಗ್ಗುವವರಿಗೂ ಕ್ರಮೇಣ ಗೊತ್ತಾಯಿತು, ನುಗ್ಗಿದರೆ ಪ್ರಯೋಜನವಿಲ್ಲ ಎಂದು. ಸಂಜೆ ಅವನ ಭುಜ ಊದಿಕೊಳ್ಳುತ್ತಿತ್ತು. ನಾನು ಒದ್ದೆ ಬಟ್ಟೆ ಕಟ್ಟಲು ಹೋದರೆ, ನೀರು ಹಾಳು ಮಾಡ್ಬೇಡಿ ಎಂದು ಗದರುತ್ತಿದ್ದ.

ಕುಡಿಯುವ ನೀರು ಕೆಟ್ಟಿತ್ತು. ನಮ್ಮಲ್ಲಿ ಬಹಳ ಜನಕ್ಕೆ ಭೇದಿ ಹಿಡಿಯಿತು, ನನಗೂ. ನನಗೆ ಇಳಿಯಿತು, ಅವನಿಗೆ ಇಳಿಯಲಿಲ್ಲ. ಜ್ವರದಲ್ಲೇ ಇನ್ನೊಂದು ದಿನ ಲಾರಿ ಹತ್ತಿದ, ನಾನು ಬೇಡವೆಂದರೂ ಕೇಳಲಿಲ್ಲ. ಮಾರನೆಯ ದಿನ ಎದ್ದು ನಿಲ್ಲಲಾಗಲಿಲ್ಲ. ಡಾಕ್ಟರರ ಡೇರೆಗೆ ಹೊತ್ತುಕೊಂಡು ಹೋದೆವು. ಗ್ಲೂಕೋಸ್ ಹಾಕಲು ಅವರಿಗೆ ನರ ಸಿಗುತ್ತಿರಲಿಲ್ಲ, ಮೈ ಅಷ್ಟು ಒಣಗಿತ್ತು. ಮಧ್ಯಾಹ್ನ ಸ್ವಲ್ಪ ಎಚ್ಚರವಿದ್ದ. ಹೆಂಡತಿಗೆ ಟಿಕೆಟ್ ಕ್ಯಾನ್ಸಲ್ ಮಾಡಲು ಹೇಳಿದ್ದೇನೆಯೋ ಇಲ್ಲವೋ ಎಂದು ನನ್ನನ್ನು ಕೇಳಿದ. ಹೇಳಿದ್ದೀ ಎಂದೆ. ನನಗೆ ಗೊತ್ತಿರಲಿಲ್ಲ. ಸಂಜೆಯ ಬಾಂಗಿನ ಮೊದಲು ಹೋದ.

ನಮ್ಮ ಗುಂಪಿನಲ್ಲಿ ಬ್ಯಾರಿಗಳು ನಾಲ್ಕೈದು ಮಂದಿ ಇದ್ದರು, ಆ ಲಾರಿಯ ಹುಡುಗರೂ ಬಂದರು. ಅವರು ನಮಾಜು ಮಾಡಿದರು, ನಾನು ಹಿಂದೆ ನಿಂತಿದ್ದೆ. ಮಣ್ಣು ಹಾಕುವಾಗ ನನಗೂ ಜಾಗ ಬಿಟ್ಟರು. ನಮ್ಮ ಹೆಸರು ಕರೆದದ್ದು ಅದರ ನಂತರದ ವಾರ. ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ.

ಅಕ್ಟೋಬರ್‌ನಲ್ಲಿ ಉಳ್ಳಾಲದ ಅವನ ಮನೆಗೆ ಹೋದೆ. ಹೆಂಡತಿ ಇದ್ದತ್ತಿನಲ್ಲಿದ್ದರು, ಗಂಡ ತೀರಿಕೊಂಡ ಮೇಲೆ ಹೊರಗಿನ ಗಂಡಸರ ಎದುರು ಬರದ ಅವಧಿ ಅದು. ಅವರ ಅಣ್ಣನ ಹತ್ತಿರ ಹೇಳಬೇಕಾದದ್ದನ್ನು ಹೇಳಿ ಬಂದೆ. ಮತ್ತೆ ಹೋದದ್ದು ೧೯೯೧ರ ಫೆಬ್ರವರಿಯಲ್ಲಿ. ಯುದ್ಧ ನಡೆಯುತ್ತಿತ್ತು, ಪಕ್ಕದ ಮನೆಯ ರೇಡಿಯೋದಲ್ಲಿ ಕುವೈತ್ ಕುವೈತ್ ಎಂದು ಕೇಳುತ್ತಿತ್ತು. ಈ ಸಲ ಅವರೇ ಹೊರಗೆ ಬಂದು ಬಾಗಿಲ ಹತ್ತಿರದ ಮಣೆಯ ಮೇಲೆ ಕುಳಿತರು. ಕೊನೆಯ ದಿನಗಳ ಬಗ್ಗೆ ಕೇಳಿದರು. ರೊಟ್ಟಿಯ ಲಾರಿಯ ವಿಷಯ ಹೇಳಿದೆ. ಯಾರ್ಯಾರಿಗೆ ಎಸೆದರು, ಹೇಗೆ ಎಸೆದರು ಎಂದು ಬಿಡಿಸಿ ಬಿಡಿಸಿ ಕೇಳಿದರು. ಆಮೇಲೆ ಸೆರಗಿನ ಅಂಚನ್ನು ಮಡಿಸುತ್ತ ಬೇರೆ ಮಾತೆತ್ತಿದರು.

“ಆ ಕೆಲಸಕ್ಕೆ ಇಬ್ಬರಿದ್ದರಂತೆ ಅಲ್ವಾ ಅಣ್ಣ? ಇನ್ನೊಬ್ಬರು ಎಂತ ಆದರು?”

“ಜೂನ್‌ನಲ್ಲೇ ಅವರ ಊರಿಗೆ ಹೋದರು,” ಎಂದೆ.

“ಇವರು ಫೋನಿನಲ್ಲಿ ಹೇಳಿದ್ರು. ಎಲ್ಲರೂ ಅವನನ್ನೇ ತೆಗೊಳ್ತಾರೆ ಅಂತ ಇತ್ತು, ಅಣ್ಣ ಒಬ್ಬರೇ ನನ್ನನ್ನು ಸರಿ ನೋಡಿದ್ದು ಅಂತ. ಅಷ್ಟು ಖುಷಿಯಲ್ಲಿ ನಾನು ಅವರ ಸ್ವರ ಕೇಳಿದ್ದೇ ಇಲ್ಲ.”

ಅವರು ಸೆರಗನ್ನು ಬಿಟ್ಟು ನನ್ನ ಕಡೆ ನೋಡಿದರು.

“ನೀವು ಸರಿಯಾಗಿಯೇ ನೋಡಿದ್ದು. ಅದು ನನಗೆ ಗೊತ್ತುಂಟು,” ಎಂದರು. “ಆದ್ರೂ ಒಮ್ಮೊಮ್ಮೆ ಅನಿಸ್ತದೆ ಅಣ್ಣ, ನೀವೂ ಎಲ್ಲರ ಹಾಗೆ ನೋಡಿದ್ದಿದ್ರೆ ಆಗ್ತಿತ್ತಲ್ಲ ಅಂತ.”

ಒಳಗಿನಿಂದ ಮಗು ಕರೆಯಿತು. ಅವರು ಎದ್ದು ಹೋದರು. ಹೊರಡುವ ಹೊತ್ತಾಯಿತೆಂದು ನನಗೆ ಗೊತ್ತಿತ್ತು, ಆದರೆ ಅವರು ತಿರುಗಿ ಬಂದು, ಚಹಾ ತಂದಿಟ್ಟು, ಅದು ತಣ್ಣಗಾಗುವ ತನಕವೂ ನನಗೆ ಅಲ್ಲಿಂದ ಏಳಲಾಗಲಿಲ್ಲ.